ಸಂವಹನ ಕೌಶಲ: ಹತ್ತಕ್ಕೆ ನಾಲ್ಕು

ನನ್ನ ತರಗತಿಯವರಿಗಿಂತ ನಾನು ಮೂರು ವರ್ಷ ದೊಡ್ಡವಳು. ಯಾಕೆ ತಡವಾಯಿತು ಎಂದು ಯಾರಾದರೂ ಕೇಳಿದರೆ ‘ಮನೆ ಕಡೆ ಸ್ವಲ್ಪ ಕಷ್ಟ ಇತ್ತು’ ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಿ.ಎಸ್ಸಿ.ಬಿ.ಎಡ್.ಗೆ ಬರುವ ಮೊದಲು ನಾನು ಇದೇ ಮೈಸೂರಿನ ಒಂದು ಕಾಲೇಜಿನಲ್ಲಿ ಒಂದೂವರೆ ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಓದುವವರು ‘ಓ, ಆ ಕಾಲೇಜಾ, ಅಲ್ಲಿ ಹಾಗೇ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ಹೇಳಬೇಕಾದದ್ದು ಒಂದು ಕಾಲೇಜಿನ ಮಾತಲ್ಲ, ಒಂದು ಅಂಕಪಟ್ಟಿಯ ಮಾತು. ಅಂಥದ್ದೇ ಒಂದು ಅಂಕಪಟ್ಟಿ ನಮ್ಮ ಬೋಧನಾಭ್ಯಾಸದಲ್ಲೂ ಇದೆ. ಆದ್ದರಿಂದಲೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲನೆಯ ವರ್ಷ ನಮ್ಮನ್ನು ಆಸ್ಪತ್ರೆಯ ವಾರ್ಡುಗಳಿಗೆ ಹಾಕುತ್ತಿದ್ದರು. ಹಾಸಿಗೆ ಸಿದ್ಧಮಾಡುವುದು, ಸ್ಪಂಜ್ ಸ್ನಾನ, ಜ್ವರ, ನಾಡಿ, ರಕ್ತದೊತ್ತಡ ನೋಡಿ ಬರೆಯುವುದು, ಇಂಥ ಕೆಲಸಗಳು. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಕೇರಳದವರು, ಉಳಿದವರಲ್ಲಿ ಬಹಳ ಮಂದಿ ಇಂಗ್ಲಿಷ್ ಮಾಧ್ಯಮದವರು. ಚಾಮರಾಜನಗರ ಜಿಲ್ಲೆಯ ಹಳ್ಳಿಯಿಂದ, ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ನಾನು. ತರಗತಿಯಲ್ಲಿ ನನ್ನ ಬಾಯಿ ಏಳುತ್ತಿರಲಿಲ್ಲ. ವಾರ್ಡಿನಲ್ಲಿ ಮಾತ್ರ ಎಲ್ಲರೂ ನನ್ನನ್ನೇ ಕೂಗುತ್ತಿದ್ದರು. ರೋಗಿಗಳು ನಂಜನಗೂಡು, ಟಿ. ನರಸೀಪುರ, ಹೆಗ್ಗಡದೇವನಕೋಟೆ ಕಡೆಯವರು. ಅವರ ಮಾತು ನನ್ನ ಮನೆಯ ಮಾತು.

ಒಬ್ಬ ಅಜ್ಜಿಯ ನೆನಪು ಚೆನ್ನಾಗಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಏನೂ ತಿನ್ನಬಾರದು, ಕುಡಿಯಬಾರದು ಎಂದು ಆಕೆಗೆ ಹಿಂದಿನ ರಾತ್ರಿ ಹೇಳಲಾಗಿತ್ತು. ಬೆಳಿಗ್ಗೆ ನೋಡಿದರೆ ಬಾಯಿ ಕೆಂಪಗಿದೆ. ಆಪರೇಷನ್ ಮುಂದಕ್ಕೆ ಹೋಯಿತು. ಎಲ್ಲರೂ ಬೈದ ಮೇಲೆ ನನ್ನನ್ನು ಕರೆದು ‘ನೀನೇ ಹೇಳು ಇವಳಿಗೆ’ ಎಂದರು. ನಾನು ಹತ್ತಿರ ಕೂತು, ಆಪರೇಷನ್ ಆಗುವವರೆಗೂ ನೀರೂ ಬೇಡ, ಕಾಫಿಯೂ ಬೇಡ, ಎಲೆಅಡಿಕೆಯನ್ನೂ ಬಾಯಿಗೆ ಹಾಕಬೇಡಿ ಎಂದೆ. ಅಜ್ಜಿ ನನ್ನ ಮುಖ ನೋಡಿ, ‘ಅಂಗಂತ ಮೊದ್ಲೇ ಯೋಳ್ಬಾರ್ದಾ ಮಗ? ಎಲೆಅಡ್ಕೆ ಊಟ್ವಾ?’ ಎಂದರು. ಅವರ ತಪ್ಪೇನೂ ಇರಲಿಲ್ಲ. ‘ಊಟ ಮಾಡಬೇಡಿ’ ಎಂದವರಿಗೆ ಅಜ್ಜಿಯ ಜಗತ್ತಿನಲ್ಲಿ ಊಟ ಎಂದರೆ ಯಾವುದು ಎಂಬುದು ತಿಳಿದಿರಲಿಲ್ಲ, ಅಷ್ಟೆ.

ಆ ಪೋಸ್ಟಿಂಗ್ ಮುಗಿದ ಮೇಲೆ ನಮ್ಮ ಮೌಲ್ಯಮಾಪನದ ಹಾಳೆಗಳ ಕಟ್ಟನ್ನು ಕಚೇರಿಗೆ ಕೊಟ್ಟು ಬರಲು ನನ್ನನ್ನೇ ಕಳಿಸಿದರು. ನೋಡಬಾರದಿತ್ತೋ ಏನೋ, ನೋಡಿದೆ. ಸಮಯಪಾಲನೆ, ಉಡುಪು, ಕಾರ್ಯವಿಧಾನದ ತಿಳಿವಳಿಕೆ, ದಾಖಲೆ ಬರೆಯುವುದು, ಹೀಗೆ ಒಂದೊಂದಕ್ಕೂ 10 ಅಂಕ. ನನ್ನ ಹಾಳೆಯಲ್ಲಿ ‘ಸಂವಹನ ಕೌಶಲ’ ಎಂಬ ಸಾಲಿನ ಎದುರು 4 ಎಂದಿತ್ತು. ಅಜ್ಜಿಗೆ ಬೈದವರ ಗುಂಪಿನಲ್ಲಿದ್ದ ನನ್ನ ಸಹಪಾಠಿಗೆ 8. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆಕೆಯೂ ಊರು ಬಿಟ್ಟು ಬಂದು ಅರ್ಥವಾಗದ ಭಾಷೆಯ ನಡುವೆ ಒದ್ದಾಡುತ್ತಿದ್ದವಳೇ. ಆದರೆ ಆ ಹಾಳೆ ತುಂಬಿದವರ ಪಾಲಿಗೆ ಸಂವಹನ ಎಂದರೆ ರೋಗಿಗೆ ತಿಳಿಸುವುದಲ್ಲ, ಮೇಡಂ ರೌಂಡ್ಸ್‌ಗೆ ಬಂದಾಗ ಇಂಗ್ಲಿಷಿನಲ್ಲಿ ಒಪ್ಪಿಸುವುದು ಎಂದು ಅಂದು ಗೊತ್ತಾಯಿತು.

ನರ್ಸಿಂಗ್ ಶಿಕ್ಷಣದಲ್ಲಿ ಈ ಹಾಳೆಗೆ ಇರುವ ತೂಕ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಲಿಖಿತ ವಿಷಯಗಳಲ್ಲಿ 25 ಅಂಕ ಕಾಲೇಜಿನ ಕೈಯಲ್ಲಿ, 75 ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ. ಪ್ರಾಯೋಗಿಕದಲ್ಲಿ ಅರ್ಧಕ್ಕರ್ಧ ಒಳ ಅಂಕ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು, ಪದವಿ ಕೈಗೆ ಬರುವಷ್ಟರಲ್ಲಿ ಪ್ರಾಯೋಗಿಕ ಪೋಸ್ಟಿಂಗ್‌ಗಳಲ್ಲಿ ಶೇ. 100 ಆಗಿರಬೇಕು. ನಿಯಮದಲ್ಲಿ ತಪ್ಪಿಲ್ಲ. ಒಂದು ದಿನವೂ ಹೆರಿಗೆ ವಾರ್ಡ್ ನೋಡದವರು ನರ್ಸ್ ಆಗುವುದು ಯಾರಿಗೂ ಬೇಡ. ಆದರೆ ಆ ಹಾಜರಾತಿ ಬರೆಯುವ, ಆ ಅರ್ಧ ಅಂಕ ತುಂಬುವ ಪೆನ್ನು ಒಬ್ಬರು ಅಥವಾ ಇಬ್ಬರ ಜೇಬಿನಲ್ಲಿರುತ್ತದೆ. ಲಿಖಿತ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಉಳಿಯುತ್ತದೆ, ಮರುಮೌಲ್ಯಮಾಪನ ಕೇಳಬಹುದು. ವಾರ್ಡಿನಲ್ಲಿ ಬೆಳಿಗ್ಗೆ ಏಳೂವರೆಗೆ ನಾನು ಮಾಡಿದ ಹಾಸಿಗೆಯನ್ನು ಎಂಟೂವರೆಗೆ ಮತ್ತೊಬ್ಬ ರೋಗಿ ಮಲಗಿ ಕೆಡಿಸಿರುತ್ತಾನೆ. ಯಾವುದನ್ನು ಮರುಮೌಲ್ಯಮಾಪನ ಮಾಡುವುದು?

ಜಾತಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ಜಾತಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅಂದು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ್ದರು, ಅಷ್ಟು ಸಾಕು. ವಿದ್ಯಾರ್ಥಿವೇತನ ಇನ್ನೂ ಖಾತೆಗೆ ಬರದ ಕಾರಣ ಶುಲ್ಕ ಬಾಕಿ ಇದ್ದವರ ಪಟ್ಟಿಯನ್ನು ವರ್ಗದ ಸಮೇತ ಓದಿ ‘ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ’ ಎಂದರು. ಹನ್ನೊಂದು ಜನ ನಿಂತೆವು. ಬೈಗುಳ ಇರಲಿಲ್ಲ. ಓದಿದವರು ಗುಮಾಸ್ತರು, ಅವರ ಧ್ವನಿಯಲ್ಲಿ ಕೆಟ್ಟತನವೂ ಇರಲಿಲ್ಲ, ಊಟದ ಹೊತ್ತಾಗಿತ್ತು, ಅವರಿಗೆ ಮುಗಿಸುವ ಅವಸರ. ಆದರೆ ಮಾರನೆಯ ವಾರದಿಂದ ಆ ಹನ್ನೊಂದು ಜನಕ್ಕೆ ಒಂದು ಹೆಸರು ಬಿತ್ತು: ಗೌರ್ಮೆಂಟ್ ಬ್ಯಾಚ್. ಬೆಡ್‌ಪ್ಯಾನ್ ಸರದಿ ಈ ಹನ್ನೊಂದರೊಳಗೇ ಹೆಚ್ಚು ಸುತ್ತುತ್ತಿತ್ತು. ಇದನ್ನು ನಾನು ಲೆಕ್ಕ ಇಟ್ಟು ಸಾಬೀತು ಮಾಡಲಾರೆ. ಮೊದಲು ಅನುಮಾನ ಬಂತು, ಆಮೇಲೆ ಗೆಳತಿಯೊಬ್ಬಳು ಡೈರಿಯಲ್ಲಿ ಗೆರೆ ಎಳೆದು ಎಣಿಸಲು ಶುರುಮಾಡಿದಳು, ಮೂರು ವಾರ ಎಣಿಸಿ ‘ಬೇಡ ಬಿಡು, ಓದೋಣ’ ಎಂದು ನಿಲ್ಲಿಸಿದಳು. ಅವಳು ಓದಿ ಮುಗಿಸಿ ಈಗ ನರ್ಸ್ ಆಗಿದ್ದಾಳೆ. ನನಗಿಂತ ಗಟ್ಟಿ.

ಎರಡನೆಯ ವರ್ಷ ನನ್ನ ಹಾಜರಾತಿಯಲ್ಲಿ ಆರು ದಿನ ಗೈರು ಎಂದು ಬಂತು. ಆ ಆರು ದಿನವೂ ನಾನು ಆಸ್ಪತ್ರೆಯಲ್ಲೇ ಇದ್ದೆ. ಹೊರರೋಗಿ ವಿಭಾಗದಲ್ಲಿ ಕನ್ನಡ ಬಲ್ಲವರು ಬೇಕು ಎಂದು ವಾರ್ಡಿನ ಸಿಸ್ಟರ್ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಕಳಿಸಿದ್ದು ಬಾಯಿಮಾತಿನಲ್ಲಿ, ಗೈರು ಬರೆದದ್ದು ಪುಸ್ತಕದಲ್ಲಿ. ಪ್ರಾಂಶುಪಾಲರ ಬಳಿ ಹೋದೆ. ಅವರು ಸಾವಧಾನವಾಗಿಯೇ ಕೇಳಿದರು, ಕೊನೆಗೆ ‘ನಿನ್ನ ಹತ್ತಿರ ಸಾಕ್ಷಿ ಏನಿದೆ?’ ಎಂದರು. ನನ್ನ ಹತ್ತಿರ ಇರಲಿಲ್ಲ. ಗೈರು ಎಂದು ಬರೆದವರ ಹತ್ತಿರವೂ ಒಂದು ಅಕ್ಷರದ ಹೊರತು ಬೇರೆ ಸಾಕ್ಷಿ ಇರಲಿಲ್ಲ, ಆದರೆ ಅದನ್ನು ಯಾರೂ ಕೇಳಲಿಲ್ಲ. ಆ ದಿನಗಳನ್ನು ರಜೆಯಲ್ಲಿ ತುಂಬಿಕೊಡಬೇಕು ಎಂದಾಯಿತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ಊರಿಗೆ ಹೋದವಳು ತಿರುಗಿ ಹೋಗಲಿಲ್ಲ. ಅಪ್ಪ ಎರಡು ಸಲ ಕೇಳಿದರು, ಮೂರನೆಯ ಸಲ ಕೇಳಲಿಲ್ಲ.

ಇದು ನನ್ನೊಬ್ಬಳ ದುಃಖವಾಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳು ಆಗಾಗ ಸುದ್ದಿಯಾಗುತ್ತವೆ, ನಾವು ಓದಿ ಮರೆಯುತ್ತೇವೆ. 2016ರ ಮೇ ತಿಂಗಳಲ್ಲಿ ಕಲಬುರಗಿಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಪ್ರಕರಣ ದಾಖಲಾಯಿತು. ಆ ಹುಡುಗಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು, ಜೂನ್‌ನಲ್ಲಿ ಹಿರಿಯ ವಿದ್ಯಾರ್ಥಿನಿಯರ ಬಂಧನವಾಯಿತು. ಅದೇ ಜೂನ್ ಕೊನೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ತನ್ನ ರ್‍ಯಾಗಿಂಗ್ ನಿಯಮಗಳಿಗೆ ತಿದ್ದುಪಡಿ ತಂದು, ಜಾತಿ, ಧರ್ಮ, ಬಣ್ಣ, ಪ್ರದೇಶ, ಭಾಷೆ, ಆರ್ಥಿಕ ಹಿನ್ನೆಲೆ ಇವುಗಳ ನೆಪದಲ್ಲಿ ಮಾಡುವ ಹಿಂಸೆಯೂ ರ್‍ಯಾಗಿಂಗ್ ಎಂದು ಸ್ಪಷ್ಟಪಡಿಸಿತು.

2025ರ ಫೆಬ್ರವರಿಯಲ್ಲಿ, ಅಂದಿನ ರಾಮನಗರ ಜಿಲ್ಲೆಯ ಹಾರೋಹಳ್ಳಿ ಕಡೆಯ ಕಾಲೇಜೊಂದರ ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ, ಕಣ್ಣೂರಿನವಳು, ಹಾಸ್ಟೆಲ್‌ನಲ್ಲಿ ತೀರಿಕೊಂಡಳು. ಕಾಲೇಜಿನವರ ಕಿರುಕುಳವೇ ಕಾರಣ ಎಂದು ಮನೆಯವರು ಮತ್ತು ಸಹಪಾಠಿಗಳು ಆರೋಪಿಸಿದರು, ಪ್ರಾಂಶುಪಾಲರನ್ನೂ ಸಹಾಯಕ ಪ್ರಾಧ್ಯಾಪಕರೊಬ್ಬರನ್ನೂ ಅಮಾನತು ಮಾಡಲಾಯಿತು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವ ಅಧಿಕಾರ ನನಗಿಲ್ಲ.

ಈ ಎರಡಕ್ಕಿಂತ ನನ್ನ ಮಾತಿಗೆ ಹತ್ತಿರವಾದದ್ದು ಹೊಳೆನರಸೀಪುರದ್ದು. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಕಾಶ್ಮೀರಿ ವಿದ್ಯಾರ್ಥಿಗಳು, ಗಡ್ಡ ತೆಗೆಯಬೇಕು ಅಥವಾ ಚಿಕ್ಕದಾಗಿ ಕತ್ತರಿಸಬೇಕು ಎಂದು ತಮ್ಮನ್ನು ಒತ್ತಾಯಿಸಲಾಗುತ್ತಿದೆ, ಒಪ್ಪದವರಿಗೆ ಕ್ಲಿನಿಕಲ್ ಕೆಲಸದಲ್ಲಿ ಗೈರು ಹಾಕಲಾಗುತ್ತಿದೆ ಎಂದು ದೂರಿದರು. ಜಮ್ಮು ಮತ್ತು ಕಾಶ್ಮೀರ ವಿದ್ಯಾರ್ಥಿಗಳ ಸಂಘ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಪತ್ರ ಬರೆಯಿತು. ಪತ್ರ ಪತ್ರಿಕೆಗಳಲ್ಲಿ ಬಂದ ಮೇಲೆ ಆಡಳಿತದವರು ವಿದ್ಯಾರ್ಥಿಗಳೊಂದಿಗೆ ಕೂತು ಮಾತನಾಡಿದರು, ವಿಷಯ ತಣ್ಣಗಾಯಿತು. ನಮ್ಮ ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಎಲ್ಲರೂ ಗಡ್ಡದ ಬಗ್ಗೆ ಮಾತನಾಡಿದರು, ಧರ್ಮದ ಬಗ್ಗೆ ಮಾತನಾಡಿದರು. ನನ್ನ ಕಣ್ಣು ಮಾತ್ರ ‘ಗೈರು’ ಎಂಬ ಒಂದು ಪದದ ಮೇಲೇ ನಿಂತಿತು. ಆಸ್ಪತ್ರೆಗೆ ಬಂದು ನಿಂತಿರುವವನು ಬಂದಿಲ್ಲ ಎಂದು ಬರೆಯುವುದು. ಆರೋಪ ನಿಜವಾಗಿದ್ದರೆ, ಆ ಹುಡುಗರ ಮೇಲೆ ಬಳಕೆಯಾದದ್ದು ಬೈಗುಳವಲ್ಲ, ಕೋಲಲ್ಲ, ಹಾಜರಿ ಪುಸ್ತಕ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನರ್ಸಿಂಗ್‌ನಲ್ಲಿ ಶಿಸ್ತು ಎಂಬುದು ಸುಮ್ಮನೆ ಬಂದದ್ದಲ್ಲ. ಉಗುರು ಬೆಳೆಸಿದ ಕೈ ಗಾಯಕ್ಕೆ ಸೋಂಕು ತರುತ್ತದೆ. ಬಿಚ್ಚಿದ ಕೂದಲು ಡ್ರೆಸ್ಸಿಂಗ್ ಟ್ರೇಗೆ ಬೀಳುತ್ತದೆ. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕಾದ ಜಾಗದಲ್ಲಿ ಗಡ್ಡ ತೊಂದರೆ ಕೊಡುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಬೇಕಾಗುತ್ತದೆ. ನಮಗೆ ಕಲಿಸಿದ ಒಬ್ಬ ಮೇಡಂ ಪ್ರತಿ ನಿಯಮವನ್ನೂ ಹೀಗೆ ಕಾರಣದೊಂದಿಗೆ ಹೇಳುತ್ತಿದ್ದರು. ಅವರಷ್ಟು ಕಟ್ಟುನಿಟ್ಟು ಮತ್ತಾರೂ ಇರಲಿಲ್ಲ, ಅವರ ಮೇಲೆ ಯಾರಿಗೂ ಬೇಸರವೂ ಇರಲಿಲ್ಲ. ನನ್ನ ಕೈ ಹಿಡಿದು ‘ಈ ಉಗುರಿನ ಕೆಳಗೆ ಏನಿದೆ ಗೊತ್ತಾ’ ಎಂದು ಕೇಳಿದ್ದು ಇವತ್ತಿಗೂ ನೆನಪಿದೆ, ಶಾಲೆಯಲ್ಲಿ ಸೂಕ್ಷ್ಮಜೀವಿಗಳ ಪಾಠವನ್ನು ಅಲ್ಲಿಂದಲೇ ಶುರು ಮಾಡಿದೆ. ಕಾರಣವಿರುವ ನಿಯಮವನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಕಾರಣವಿಲ್ಲದ್ದು ‘ಮನೋಭಾವ’, ‘ನಡವಳಿಕೆ’, ‘ವ್ಯಕ್ತಿತ್ವ’ ಎಂಬ ಸಾಲುಗಳೊಳಗೆ ಹೋಗಿ ಕೂರುತ್ತದೆ. ತಾರತಮ್ಯ ತನ್ನ ಹೆಸರು ಹೇಳಿಕೊಂಡು ಎಲ್ಲೂ ಬರುವುದಿಲ್ಲ.

ಇದು ನರ್ಸಿಂಗ್‌ಗೆ ಮಾತ್ರ ಸೇರಿದ್ದೂ ಅಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವೈದ್ಯಕೀಯ ವಿದ್ಯಾರ್ಥಿಗಳ ದೂರುಗಳನ್ನು ನೋಡಲು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2006ರಲ್ಲಿ ಸಮಿತಿ ನೇಮಕವಾಗಿ 2007ರಲ್ಲಿ ವರದಿ ಬಂತು. ಆ ವಿದ್ಯಾರ್ಥಿಗಳು ಹೆಚ್ಚಾಗಿ ಬೆರಳು ತೋರಿಸಿದ್ದು ಪ್ರಾಯೋಗಿಕ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆಯ ಕಡೆಗೆ, ಅಂದರೆ ಪರೀಕ್ಷಕರು ವಿದ್ಯಾರ್ಥಿಯ ಮುಖ ನೋಡುವ ಜಾಗಗಳ ಕಡೆಗೆ. ಯುಜಿಸಿಯ 2012ರ ಸಮಾನತೆಯ ನಿಯಮಾವಳಿಯಲ್ಲಿ ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿಯನ್ನು ಹೇಳುವುದು, ‘ಮೀಸಲಾತಿಯವರು’ ಎಂದು ಗುರುತಿಸಿ ಕರೆಯುವುದು ಸ್ಪಷ್ಟವಾಗಿ ತಾರತಮ್ಯದ ಪಟ್ಟಿಯಲ್ಲಿದೆ. ಪ್ರತಿ ಸಂಸ್ಥೆಯಲ್ಲೂ ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದೂ ಇದೆ. ನನ್ನನ್ನು ಎದ್ದು ನಿಲ್ಲಿಸಿದಾಗ ಆ ನಿಯಮಕ್ಕೆ ಏಳು ವರ್ಷವಾಗಿತ್ತು. ಅದು ಇದೆ ಎಂದು ನನಗೆ ತಿಳಿದದ್ದು ಇಲ್ಲಿ ಬಂದ ಮೇಲೆ, ಸೆಮಿನಾರ್ ಒಂದಕ್ಕೆ ತಯಾರಿ ಮಾಡುವಾಗ.

ಮೈಸೂರಿನವರಿಗೆ ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆ ಇದೆ, ಇರಲಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿ, ಅವಕಾಶ ಸಿಗದ ಸಮುದಾಯಗಳಿಗೆ ಬಾಗಿಲು ತೆರೆದದ್ದನ್ನು ನಾವು ಭಾಷಣಗಳಲ್ಲಿ ನೆನೆಯುತ್ತೇವೆ. ನನ್ನಂಥವಳು ಕಾಲೇಜಿನ ಮೆಟ್ಟಿಲು ಹತ್ತಿದ್ದರ ಹಿಂದೆ ಆ ನೂರು ವರ್ಷದ ದಾರಿ ಇದೆ. ಆದರೆ ಸಮಿತಿಗಳು ನೋಡಿಕೊಳ್ಳುವುದು ಬಾಗಿಲನ್ನು. ಒಳಗೆ ಹೋದ ಮೇಲೆ ಹಾಳೆಯ ಯಾವ ಸಾಲಿನಲ್ಲಿ ಎಷ್ಟು ಬೀಳುತ್ತದೆ ಎಂಬುದನ್ನು ಯಾವ ಸಮಿತಿಯೂ ದಿನಾ ಬಂದು ನೋಡುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ನಾನು ಅನ್ಯಾಯಕ್ಕೊಳಗಾದವಳು ಮಾತ್ರ ಆಗುತ್ತೇನೆ. ನಿಜ ಹಾಗಿಲ್ಲ.

ಕಳೆದ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ನಗರದ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಒಂಬತ್ತನೆಯ ತರಗತಿಗೆ ವಿಜ್ಞಾನ, ಶಬ್ದದ ಪಾಠ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಮಕ್ಕಳು ಏನಾದರೂ ಮಾದರಿ ತಂದು ವಿವರಿಸಬೇಕು, 15 ಅಂಕ, ಹಾಕುವವಳು ನಾನು. ಒಬ್ಬಳು ಅಂಗಡಿಯಿಂದ ತಂದ ಥರ್ಮಾಕೋಲ್ ಹಾಳೆಯ ಮೇಲೆ ಚಂದದ ಚಿತ್ರ ಅಂಟಿಸಿ, ಪಠ್ಯಪುಸ್ತಕದ ಎರಡು ಪ್ಯಾರಾಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. 14 ಕೊಟ್ಟೆ. ಆಮೇಲೆ ಒಬ್ಬ ಹುಡುಗ ಬಂದ. ಮನೆಯ ಮಾತು ಉರ್ದು, ಅಪ್ಪನಿಗೆ ಗ್ಯಾರೇಜ್ ಕೆಲಸ. ಹಳೆಯ ವಾಹನದಿಂದ ತೆಗೆದ ಉದ್ದನೆಯ ತೆಳು ಸ್ಪ್ರಿಂಗ್ ತಂದಿದ್ದ, ಅದರ ಗ್ರೀಸ್ ಅವನ ಕೈಗೂ ಅಂಗಿಯ ತೋಳಿಗೂ ಅಂಟಿತ್ತು. ಸ್ಪ್ರಿಂಗನ್ನು ಮೇಜಿನ ಮೇಲೆ ಎಳೆದು ಹಿಡಿದು ಒಂದು ತುದಿಯನ್ನು ಮುಂದಕ್ಕೆ ಒಮ್ಮೆ ತಳ್ಳಿದ. ಒತ್ತಾದ ಸುರುಳಿಗಳು ಈ ತುದಿಯಿಂದ ಆ ತುದಿಗೆ ಓಡಿದವು. ‘ಇದು ಮಿಸ್’ ಎಂದ. ಇನ್ನೊಮ್ಮೆ ತಳ್ಳಿ, ‘ಹೋಗ್ತದೆ... ಸ್ಪ್ರಿಂಗ್ ಹೋಗಲ್ಲ’ ಎಂದ. ಅಷ್ಟೇ. ನಿಂತುಬಿಟ್ಟ. ಮಕ್ಕಳು ನಕ್ಕರು. ನಾನು ‘ಸರಿ, ಕೂತ್ಕೋ, ಮೊದಲು ಕೈ ತೊಳೆದು ಬಾ’ ಎಂದು 7 ಹಾಕಿದೆ.

ಮಾಧ್ಯಮದ ಕಣಗಳು ಮುಂದಕ್ಕೆ ಸಾಗುವುದಿಲ್ಲ, ಕ್ಷೋಭೆ ಮಾತ್ರ ಸಾಗುತ್ತದೆ. ಆ ಪಾಠದ ಜೀವಾಳ ಇದು. ನನ್ನ ಪಾಠಯೋಜನೆಯಲ್ಲಿ ಇದನ್ನು ಕಲಿಕಾಫಲ ಎಂದು ನಾನೇ ಬರೆದಿದ್ದೆ. ಇಡೀ ತರಗತಿಯಲ್ಲಿ ಅದನ್ನು ತನ್ನ ಮಾತಿನಲ್ಲಿ ಹೇಳಿದವನು ಅವನೊಬ್ಬನೇ. ‘ಹೋಗ್ತದೆ, ಸ್ಪ್ರಿಂಗ್ ಹೋಗಲ್ಲ.’ ಆದರೆ ಅಂದು ನನಗೆ ಕಂಡದ್ದು ಗ್ರೀಸು.

ಮಧ್ಯಾಹ್ನ ಮಾರ್ಗದರ್ಶಕ ಶಿಕ್ಷಕರು ಅಂಕಗಳ ಪಟ್ಟಿ ನೋಡುತ್ತಾ ‘ಇವನಿಗೆ ಏನಮ್ಮ ಇಷ್ಟು ಕಡಿಮೆ?’ ಎಂದು ಕೇಳಿದರು. ನನ್ನ ಬಾಯಿಂದ ತಡವಿಲ್ಲದೆ ಬಂತು: ‘ಕಮ್ಯುನಿಕೇಶನ್ ವೀಕ್ ಸರ್.’

ಹೇಳಿ ಮುಗಿಸಿದ ಮೇಲೆ ಎಲ್ಲೋ ಕೇಳಿದ ಮಾತು ಅನ್ನಿಸಿತು. ಬಸ್ಸಿನಲ್ಲಿ ಬರುವಾಗ ಎಲ್ಲಿ ಎಂದು ಹೊಳೆಯಿತು. ಮರುದಿನ ಹೋಗಿ ‘ಸರ್, ಆ ಅಂಕ ತಿದ್ದಬಹುದಾ’ ಎಂದೆ. ಪಟ್ಟಿಯನ್ನು ಆಗಲೇ ಏರಿಸಿಯಾಗಿತ್ತು. ‘ಮುಂದಿನದರಲ್ಲಿ ನೋಡಿ ಕೊಡೋಣ ಬಿಡಮ್ಮ’ ಎಂದರು. ಮುಂದಿನದು ಬರುವಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿದಿತ್ತು. ಹುಡುಗನ ಬಳಿ ಹೋಗಿ ನಿನ್ನ ಮಾದರಿಯೇ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಅಂಕ ಒಂದು ಹೇಳುತ್ತಿದೆ, ಮಿಸ್ಸು ಇನ್ನೊಂದು ಹೇಳುತ್ತಿದ್ದಾಳೆ, ಯಾವುದನ್ನು ನಂಬಬೇಕು? ಹತ್ತನೆಯ ತರಗತಿಗೆ ಹೋದರೆ ಅವನ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ ತಲಾ 20 ಅಂಕ ಹೀಗೇ ಶಾಲೆಯ ಒಳಗಿನಿಂದ ಹೋಗುತ್ತದೆ.

ನಾನು ಕೆಟ್ಟವಳಲ್ಲ ಎಂದು ನನಗೆ ಗೊತ್ತು. ಬಹುಶಃ ನನಗೆ 4 ಹಾಕಿದವರೂ ಕೆಟ್ಟವರಲ್ಲ. ಹಾಗಾದರೆ ಒಳ್ಳೆಯವರಾಗಿ ಎಂದು ಉಪದೇಶ ಮಾಡುವುದರಿಂದ ಏನೂ ಆಗುವುದಿಲ್ಲ. ಪ್ರಶಿಕ್ಷಣದಲ್ಲಿ ನಮಗೆ ಸಮಾನತೆಯ ಬಗ್ಗೆ ಘಟಕಗಳಿವೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬರುತ್ತದೆ, ನಾನು ಅದನ್ನು ಚೆನ್ನಾಗಿಯೇ ಬರೆದಿದ್ದೇನೆ. ಆ ಘಟಕ ಓದಿದ ಕೈಯೇ 7 ಬರೆದದ್ದು. ಬದಲಾಗಬೇಕಾದದ್ದು ಹಾಳೆ.

ನಮ್ಮ ಬೋಧನಾಭ್ಯಾಸದ ಅವಲೋಕನ ಹಾಳೆಯನ್ನೇ ನೋಡೋಣ. ಪೀಠಿಕೆ, ವಿಷಯ ನಿರೂಪಣೆ, ಕಪ್ಪುಹಲಗೆ ಕೆಲಸ, ಪ್ರಶ್ನಿಸುವ ಕೌಶಲ, ಇವುಗಳ ನಡುವೆ ‘ಶಿಕ್ಷಕರ ವ್ಯಕ್ತಿತ್ವ’ ಎಂದೊಂದು ಸಾಲಿದೆ. ಏನದು? ಸೀರೆಯ ಮಡಿಕೆಯೇ, ಧ್ವನಿಯೇ, ಬಣ್ಣವೇ, ‘ಹ’ಕಾರ ‘ಅ’ಕಾರದ ಉಚ್ಚಾರವೇ? ನಮ್ಮ ಬ್ಯಾಚಿನಲ್ಲಿ ಆ ಸಾಲಿನಲ್ಲಿ ಯಾವಾಗಲೂ ಹೆಚ್ಚು ಪಡೆಯುವವರು ಯಾರು, ಕಡಿಮೆ ಪಡೆಯುವವರು ಯಾರು ಎಂದು ಯಾರಾದರೂ ಒಮ್ಮೆ ಜೋಡಿಸಿ ನೋಡಿದರೆ ಒಳ್ಳೆಯದು. ನಾನು ಆರೋಪ ಮಾಡುತ್ತಿಲ್ಲ. ನನ್ನ ಗೆಳತಿ ಡೈರಿಯಲ್ಲಿ ಎಣಿಸಲು ಹೊರಟು ಮೂರು ವಾರಕ್ಕೆ ಬಿಟ್ಟದ್ದನ್ನು ಸಂಸ್ಥೆಯೇ ಎಣಿಸಲಿ ಎನ್ನುತ್ತಿದ್ದೇನೆ. ಎಣಿಸುವ ಕೆಲಸ ಬೆಡ್‌ಪ್ಯಾನ್ ಹಿಡಿದವಳ ಮೇಲೆ ಬೀಳಬಾರದು.

ನನ್ನ ಕೋರಿಕೆ ದೊಡ್ಡದಲ್ಲ. ಅಂಕದ ಪಕ್ಕದಲ್ಲಿ ಕಣ್ಣಿಗೆ ಕಂಡದ್ದನ್ನು ಹೇಳುವ ಒಂದು ವಾಕ್ಯ ಇರಲಿ. ‘ಸಂವಹನ ಸಾಲದು’ ಎಂಬುದು ಕಂಡದ್ದಲ್ಲ, ತೀರ್ಪು. ‘ರೋಗಿಗೆ ಎಲೆಅಡಿಕೆಯೂ ಬೇಡವೆಂದು ಹೇಳಿ ತಿಳಿಸಿದಳು, ರೌಂಡ್ಸ್‌ನಲ್ಲಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಲು ತಡವರಿಸಿದಳು’ ಎಂಬುದು ಕಂಡದ್ದು. ಇದನ್ನು ಬರೆದ ಮೇಲೆ 4 ಹಾಕಲು ಕೈ ಸ್ವಲ್ಪ ತಡೆಯುತ್ತದೆ. ‘ಸ್ಪ್ರಿಂಗ್ ಹೋಗಲ್ಲ ಎಂದ’ ಎಂದು ಅಂದು ಬರೆದಿದ್ದರೆ 7 ಹಾಕಲು ನನ್ನಿಂದಲೂ ಆಗುತ್ತಿರಲಿಲ್ಲ. ಹಾಳೆ ಕಚೇರಿಗೆ ಹೋಗುವ ಮೊದಲು ಅದನ್ನು ಯಾರ ಬಗ್ಗೆ ಬರೆದಿದೆಯೋ ಅವರು ಓದಿ ಸಹಿ ಹಾಕಲಿ, ಒಪ್ಪದಿದ್ದರೆ ಒಪ್ಪಿಲ್ಲ ಎಂದು ಬರೆಯಲು ಎರಡು ಗೆರೆ ಜಾಗ ಇರಲಿ. ನರ್ಸಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಕಳಿಸುವಾಗ ಒಂದು ಚೀಟಿ ಸಾಕಿತ್ತು. ಆ ಚೀಟಿ ಇದ್ದಿದ್ದರೆ ನಾನು ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ, ಯಾವುದೋ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿರುತ್ತಿದ್ದೆ.

ಈ ಮಾತನ್ನು ಚರ್ಚೆಯಲ್ಲಿ ಒಮ್ಮೆ ಹೇಳಿದಾಗ ಪ್ರಶಿಕ್ಷಕರೊಬ್ಬರು, ‘ಐವತ್ತು ಜನರ ಹಾಳೆ, ಒಬ್ಬೊಬ್ಬರಿಗೆ ಹತ್ತು ಸಾಲು, ಎಲ್ಲಕ್ಕೂ ವಾಕ್ಯ ಬರೆಯುತ್ತಾ ಕೂತರೆ ಪಾಠ ನೋಡುವುದು ಯಾವಾಗ?’ ಎಂದರು. ಸರಿಯಾದ ಪ್ರಶ್ನೆ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಸಾಲುಗಳನ್ನು ಹತ್ತರಿಂದ ಐದಕ್ಕೆ ಇಳಿಸಬಹುದು. ತೀರಾ ಕಡಿಮೆ ಮತ್ತು ತೀರಾ ಹೆಚ್ಚು ಹಾಕಿದ ಕಡೆ ಮಾತ್ರ ವಾಕ್ಯ ಕೇಳಬಹುದು. ‘ವ್ಯಕ್ತಿತ್ವ’ದ ಸಾಲನ್ನಂತೂ ತೆಗೆದೇಬಿಡಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ. ಇನ್ನೊಬ್ಬರು, ಹಾಳೆ ತೋರಿಸಿದರೆ ವಿದ್ಯಾರ್ಥಿಗಳು ಜಗಳಕ್ಕೆ ಬರುತ್ತಾರೆ ಎಂದರು. ಬರಲಿ. ನಾನು ಜಗಳ ಮಾಡದೆ ಹೋದೆ, ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಮುಂದಿನ ತಿಂಗಳು ನಮ್ಮ ಅಂತಿಮ ಬೋಧನಾ ಪರೀಕ್ಷೆ. ನಾನು ಶಬ್ದದ ಪಾಠವನ್ನೇ ಆರಿಸಿಕೊಂಡಿದ್ದೇನೆ, ಗ್ಯಾರೇಜಿನಿಂದ ಒಂದು ಸ್ಪ್ರಿಂಗ್ ತಂದಿಟ್ಟಿದ್ದೇನೆ. ಪಾಠ ಮುಗಿದ ಮೇಲೆ ನನ್ನ ಅವಲೋಕನ ಹಾಳೆಯನ್ನು ತೋರಿಸಿ ಎಂದು ಪರೀಕ್ಷಕರನ್ನು ಕೇಳುವವಳಿದ್ದೇನೆ. ಕೇಳುವ ರೂಢಿ ಇಲ್ಲ ಎಂದು ಗೊತ್ತು. ಕೇಳಿದ್ದಕ್ಕೆ ‘ಮನೋಭಾವ’ದಲ್ಲಿ ಎರಡು ಅಂಕ ಹೋದರೆ, ಆ ಎರಡರ ಪಕ್ಕದಲ್ಲಿ ಏನು ಬರೆಯುತ್ತಾರೆ ಎಂದು ನೋಡಬೇಕು.